ಚೈನ್‌ಲಿಂಕ್ ಬೇಲಿ ಜೋಲು ಬೀಳದಂತೆ ಹಾಕುವ ಕ್ರಮ: ಮನೆಗೂ ಗೋದಾಮಿಗೂ ಸಮಗ್ರ ಮಾರ್ಗದರ್ಶಿ

ಚೈನ್‌ಲಿಂಕ್ ಬೇಲಿ ಹಾಕಿಸಿದವರ ದೂರು ಹೆಚ್ಚುಕಡಿಮೆ ಒಂದೇ: ವರ್ಷ ತುಂಬುವಷ್ಟರಲ್ಲಿ ಮೆಶ್ (ತಂತಿಯ ಬಲೆ) ಜೋಲು ಬಿದ್ದಿದೆ, ಮೂಲೆ ಕಂಬ ಒಳಕ್ಕೆ ವಾಲಿದೆ, ಗೇಟು ನೆಲ ಕೆರೆಯುತ್ತಿದೆ. ಈ ಮೂರಕ್ಕೂ ಕಾರಣ ಒಂದೇ ಕಡೆ ಸಿಗುತ್ತದೆ. ಮೆಶ್ ಬಿಗಿಯಾಗಿ ನಿಲ್ಲುವುದು ನಡುವಿನ ಸಾಲು ಕಂಬಗಳಿಂದಲ್ಲ, ಎರಡು ತುದಿಯ ಕಂಬಗಳಿಂದ. ನಡುವಿನ ಕಂಬ ಮೆಶ್ಶನ್ನು ನೆಟ್ಟಗೆ ನಿಲ್ಲಿಸುತ್ತದೆ, ಅಷ್ಟೇ. ಎಳೆತವನ್ನೆಲ್ಲ ಹೊರುವುದು ಮೂಲೆ, ಕೊನೆ ಮತ್ತು ಗೇಟಿನ ಕಂಬಗಳು. ಹೆಚ್ಚಿನವರು ಎಲ್ಲ ಕಂಬಕ್ಕೂ ಒಂದೇ ಗಾತ್ರದ ಪೈಪು ತಂದು, ಒಂದೇ ಆಳದ ಗುಂಡಿ ತೋಡಿ, ಕಾಂಕ್ರೀಟ್ ಹಾಕಿದ ಮರುದಿನವೇ ಮೆಶ್ ಎಳೆದುಬಿಡುತ್ತಾರೆ. ಬೇಲಿ ಆವತ್ತೇ ಕೆಟ್ಟಿರುತ್ತದೆ, ಕಣ್ಣಿಗೆ ಕಾಣುವುದು ಮಾತ್ರ ಆರು ತಿಂಗಳ ಮೇಲೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 6 ಅಡಿ ಎತ್ತರದ ಬೇಲಿ. 100×60 ಅಡಿಯ ಜಾಗ, ಮುಂದಿನ 60 ಅಡಿಯ ನಡುವೆ 12 ಅಡಿಯ ಗೇಟು. ನಿಮ್ಮ ಅಳತೆ ಬೇರೆಯಾದರೂ ಲೆಕ್ಕ ಹಾಕುವ ರೀತಿ ಇದೇ.

## ಕೆಲಸಕ್ಕೆ ಮುಂಚೆ ಕೈಯಲ್ಲಿರಬೇಕಾದ್ದು

ಟೇಪು, ಗೂಟ, ಗಟ್ಟಿ ನೈಲಾನ್ ದಾರ, ಸುಣ್ಣದ ಪುಡಿ, ರಸಮಟ್ಟ, ತೂಗುಗುಂಡು. ಗುಂಡಿಗೆ ಹಾರೆ, ಸನಿಕೆ. ಕಂಬ 20 ದಾಟಿದರೆ ಬಾಡಿಗೆಗೆ ಗುಂಡಿ ಕೊರೆಯುವ ಆಗರ್ ಯಂತ್ರ ತರುವುದು ಲೇಸು. ಮೆಶ್ ಕೆಲಸಕ್ಕೆ ಕಟಿಂಗ್ ಪ್ಲೈಯರ್ ಎರಡು, ಸ್ಪ್ಯಾನರ್, ಕೈಯಿಂದ ಎಳೆಯುವ ರಾಚೆಟ್ ಪುಲ್ಲರ್ ಒಂದು, ಜೊತೆಗೆ ಮೆಶ್ ಎತ್ತರದಷ್ಟೇ ಉದ್ದದ ಗಟ್ಟಿ ಸಲಾಕೆ.

ಪುಲ್ಲರ್ ಇಲ್ಲದೆ ನಾಲ್ಕು ಜನ ಕೈಯಲ್ಲಿ ಎಳೆದರೆ ಸಾಕು ಎನ್ನುವವರಿದ್ದಾರೆ. ಸಾಲದು. ಕೈ ಎಳೆತ ಮೇಲೆ ಒಂದು ಥರ, ಕೆಳಗೆ ಇನ್ನೊಂದು ಥರ ಬರುತ್ತದೆ. ಮೇಲಿಂದ ಕೆಳಗೆ ಸಮನಾಗಿ ಬಿಗಿಯಾಗದ ಮೆಶ್ ಹೊಟ್ಟೆ ಬಿಡುತ್ತದೆ.

ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕತ್ತರಿಸಿದ ತಂತಿಯ ತುದಿ ಎತ್ತ ಹಾರುತ್ತದೆಂದು ಹೇಳಲಾಗದು.

## ಹಂತ 1: ಗಡಿ ಎಲ್ಲಿ, ನೆಲದೊಳಗೆ ಏನಿದೆ

ಗಡಿ ಕಲ್ಲನ್ನು ನೋಡಿ ಅಂದಾಜಿನ ಮೇಲೆ ದಾರ ಕಟ್ಟಬೇಡಿ. ಸರ್ವೆ ನಕ್ಷೆಯ ಅಳತೆ ಹಿಡಿದು ನಾಲ್ಕೂ ಮೂಲೆ ಗುರುತಿಸಿ, ಪಕ್ಕದವರೂ ಇದ್ದಾಗಲೇ ಗೂಟ ಹೊಡೆಯಿರಿ.

ಬೇಲಿ ಗೆರೆಯನ್ನು ಗಡಿಯ ಮೇಲೆಯೇ ಹಾಕುವುದು ದೊಡ್ಡ ತಪ್ಪು. ಕಂಬ ನಿಮ್ಮ ಜಾಗದಲ್ಲಿದ್ದರೂ ಅದರ ಬುಡದ ಕಾಂಕ್ರೀಟ್ ಪಕ್ಕದವರ ಜಾಗಕ್ಕೆ ಹೋಗಿರುತ್ತದೆ. ಗೇಟು ಕಂಬದ ಗುಂಡಿ 14 ಇಂಚು ಅಗಲ ಅಂದರೆ ನಡುವಿನಿಂದ 7 ಇಂಚು ಹೊರಕ್ಕೆ. ಹಾಗಾಗಿ ಕಂಬದ ನಡುಗೆರೆ ಗಡಿಯಿಂದ ಕನಿಷ್ಠ 8 ಇಂಚು ಒಳಗಿರಲಿ. ರಸ್ತೆ ಬದಿಯ ಎತ್ತರ, ತಿರುವಿನಲ್ಲಿ ವಾಹನದವರಿಗೆ ನೋಟ ಮರೆಯಾಗದಂತೆ ಬಿಡಬೇಕಾದ ಜಾಗ ಇವನ್ನು ಸ್ಥಳೀಯ ಸಂಸ್ಥೆಯಲ್ಲಿ ಮೊದಲೇ ಕೇಳಿಕೊಳ್ಳಿ. ಹಾಕಿದ ಬೇಲಿ ಕೀಳುವುದು ಹಾಕುವುದಕ್ಕಿಂತ ಕಷ್ಟ.

ಊರು ಬೆಳೆಯುತ್ತಿರುವ ಕಡೆ ಎರಡು ಸಂಗತಿ ಬೇರೆ ಕಡೆಗಿಂತ ಹೆಚ್ಚು ಕಾಡುತ್ತವೆ. ಒಂದು, ನೆಲದಡಿಯ ಕೇಬಲ್, ನೀರು, ಗ್ಯಾಸ್, ಒಳಚರಂಡಿ ಕೊಳವೆಗಳು. ಹೊಸದಾಗಿ ಹೂತದ್ದು ಎಷ್ಟೋ ಸಲ ಹಳೆಯ ನಕ್ಷೆಯಲ್ಲಿ ಇರುವುದಿಲ್ಲ. ಆಯಾ ಇಲಾಖೆಯವರಿಂದ ಗುರುತು ಹಾಕಿಸಿಕೊಂಡು, ಗುರುತಿನ ಆಚೀಚೆ ಎರಡಡಿ ಯಂತ್ರ ಬಿಡದೆ ಕೈಯಲ್ಲೇ ತೋಡಿ. ಎರಡು, ಹೊರಗಿಂದ ತಂದು ತುಂಬಿದ ಮಣ್ಣು. ಹಾರೆ ಹೊಡೆದಾಗ ಸಲೀಸಾಗಿ ಇಳಿದು, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಎದ್ದರೆ ಅದು ತುಂಬಿದ ಮಣ್ಣೇ. ಅದರೊಳಗೆ ನಿಂತ ಕಂಬ ಮಣ್ಣು ಕುಸಿದಂತೆಲ್ಲ ವಾಲುತ್ತದೆ. ಕೆಳಗಿನ ಹಳೆಯ ಗಟ್ಟಿ ನೆಲ ಸಿಗುವವರೆಗೂ ಗುಂಡಿ ಇಳಿಯಬೇಕು.

## ಹಂತ 2: ದಾರ ಹಿಡಿದು ಕಂಬ ಎಣಿಸುವುದು

ಮೂಲೆ ಚೌಕ ಇದೆಯೇ ಎಂದು 3-4-5 ಲೆಕ್ಕದಲ್ಲಿ ನೋಡಿ: ಮೂಲೆಯಿಂದ ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ಗುರುತು ಹಾಕಿದರೆ ಎರಡು ಗುರುತುಗಳ ನಡುವೆ ಸರಿಯಾಗಿ 10 ಅಡಿ ಬರಬೇಕು. ಜಾಗವೇ ಸೊಟ್ಟಗಿದ್ದರೆ ಬಲವಂತವಾಗಿ ಚೌಕ ಮಾಡಲು ಹೋಗಬೇಡಿ, ಗಡಿ ಇದ್ದ ಹಾಗೆ ಬೇಲಿ.

ಸಾಲು ಕಂಬಗಳ ಅಂತರ 10 ಅಡಿ ಮೀರಬಾರದು. 8 ಅಡಿಯೊಳಗೆ ಇಟ್ಟರೆ ಒಳ್ಳೆಯದು. ಆದರೆ ಒಂದು ತುದಿಯಿಂದ 8, 8, 8 ಎಂದು ಅಳೆಯುತ್ತ ಹೋಗಿ ಕೊನೆಗೆ ಮೂರಡಿಯ ತುಂಡು ಉಳಿಸಿಕೊಳ್ಳಬೇಡಿ. ಮೊದಲು ಮೂಲೆ ಮತ್ತು ಗೇಟು ಕಂಬಗಳ ಜಾಗ ಖಚಿತ ಮಾಡಿ, ನಡುವಿನ ಉದ್ದವನ್ನು ಸಮನಾಗಿ ಹಂಚಿ. ನಮ್ಮ ಲೆಕ್ಕದಲ್ಲಿ 100 ಅಡಿಗೆ 13 ಅಂಕಣ (ಎರಡು ಕಂಬಗಳ ನಡುವಿನ ಜಾಗ), ಒಂದೊಂದು 7 ಅಡಿ 8 ಇಂಚಿನ ಆಸುಪಾಸು. ಅಂದರೆ ನಡುವೆ 12 ಕಂಬ. ಹಿಂದಿನ 60 ಅಡಿಗೆ 7 ಅಡಿ 6 ಇಂಚಿನ 8 ಅಂಕಣ, 7 ಕಂಬ. ಮುಂದೆ ಗೇಟಿನ ಆಚೀಚೆ 24 ಅಡಿ ತಲಾ 3 ಅಂಕಣ, ತಲಾ 2 ಕಂಬ. ಒಟ್ಟು ಸಾಲು ಕಂಬ 35, ಮೂಲೆ 4, ಗೇಟು 2.

ಎಲ್ಲ ಗುಂಡಿಗೂ ಸುಣ್ಣದ ಗುರುತು ಬಿದ್ದ ಮೇಲೆ ಒಮ್ಮೆ ಸುತ್ತು ಹಾಕಿ. ಯಾವ ಗುರುತು ಮರದ ಬೇರಿನ ಮೇಲಿದೆ, ಯಾವುದು ನೀರು ಹರಿಯುವ ದಾರಿಯಲ್ಲಿದೆ ಎಂಬುದು ಈಗಲೇ ಕಂಡರೆ ಅಂಕಣದ ಅಳತೆ ಬದಲಿಸಿಕೊಳ್ಳಬಹುದು.

## ಹಂತ 3: ಸಾಮಾನು, ಲೆಕ್ಕ ಸಮೇತ

ಕಂಬಕ್ಕೆ ಸಾಲಿನಲ್ಲಿ 40 ಎನ್‌ಬಿ (ಪೈಪಿನ ಒಳ ಅಳತೆಯ ಹೆಸರು) ಜಿಐ, ಅಂದರೆ ಸತು ಲೇಪದ ಕಬ್ಬಿಣದ ಪೈಪು (ಹೊರ ಅಳತೆ 48 ಮಿ.ಮೀ.), ಮೂಲೆಗೆ 50 ಎನ್‌ಬಿ (60 ಮಿ.ಮೀ.), ಆರಡಿ ಅಗಲದ ಗೇಟಿನ ಬಾಗಿಲು ಹೊರಲು 80 ಎನ್‌ಬಿ (89 ಮಿ.ಮೀ.). ಮೇಲ್ಗಡೆಯ ಅಡ್ಡ ಪೈಪು 32 ಎನ್‌ಬಿ. ಪೈಪಿನ ದಪ್ಪದಲ್ಲಿ ಜುಗ್ಗತನ ಮಾಡಬೇಕೆಂದಿದ್ದರೆ ಅಡ್ಡ ಪೈಪಿನಲ್ಲಿ ಮಾಡಿ, ಮೂಲೆಯಲ್ಲಿ ಬೇಡ.

ಪೈಪು 6 ಮೀಟರ್ ಉದ್ದಕ್ಕೆ ಬರುತ್ತದೆ. ಸಾಲು ಕಂಬಕ್ಕೆ 8 ಅಡಿ 4 ಇಂಚು ಸಾಕು, ಒಂದು ಪೈಪಿಗೆ ಎರಡು ಕಂಬ. ಮೂರಡಿ ಉಳಿಯುತ್ತದೆ. ನೆಲ ಸಡಿಲವಿದ್ದರೆ ಪೈಪನ್ನು ಸರಿಯಾಗಿ ಎರಡು ಮಾಡಿ, ಆ ಉಳಿಕೆಯನ್ನೂ ನೆಲದೊಳಗೇ ಇಳಿಸಿಬಿಡಿ. ಗುಜರಿಗೆ ಹಾಕುವುದಕ್ಕಿಂತ ಅದು ಉಪಯೋಗ. ಸಾಲು ಕಂಬಕ್ಕೆ 18 ಪೈಪು, ತುದಿ ಕಂಬಗಳಿಗೆ ಓರೆಯಾಗಿ ಆನಿಸುವ ಸಪೋರ್ಟ್ ಕಂಬ 10ಕ್ಕೆ (ಮೂಲೆಗೆ ಎರಡು, ಗೇಟು ಕಂಬಕ್ಕೆ ಒಂದು) 5 ಪೈಪು, ಮೂಲೆಗೆ 50 ಎನ್‌ಬಿಯ 2, ಗೇಟಿಗೆ 80 ಎನ್‌ಬಿಯ 1, ಮೇಲಿನ ಅಡ್ಡಕ್ಕೆ 16.

ಮೆಶ್ ಕೊಳ್ಳುವಾಗ ಗೇಜಿನ ಸಂಖ್ಯೆ ನಂಬಬೇಡಿ. ಒಂದೇ ಗೇಜ್ ಸಂಖ್ಯೆಗೆ ಬೇರೆ ಬೇರೆ ಪದ್ಧತಿಯಲ್ಲಿ ಬೇರೆ ಬೇರೆ ದಪ್ಪ. ಮಿಲಿಮೀಟರಿನಲ್ಲಿ ಕೇಳಿ, ಕ್ಯಾಲಿಪರ್ ಹಿಡಿದು ಅಳೆಯಿರಿ. ಮನೆಗೆ 50 ಮಿ.ಮೀ. ಕಣ್ಣಿನ 3 ಮಿ.ಮೀ. ತಂತಿ ಸಾಕು, ಗೋದಾಮಿಗೆ ಸುಮಾರು 4 ಮಿ.ಮೀ. ಪಿವಿಸಿ ಹೊದಿಕೆಯ ಮೆಶ್ಶಿನಲ್ಲೊಂದು ಮೋಸ ಸಾಮಾನ್ಯ: 4 ಮಿ.ಮೀ. ಎಂದು ಹೇಳುವುದು ಹೊದಿಕೆಯನ್ನೂ ಸೇರಿಸಿ. ಪ್ಲೈಯರಿನಲ್ಲಿ ತುದಿ ಸುಲಿದು ಒಳಗಿನ ಕಬ್ಬಿಣ ಅಳೆಯಿರಿ. ಒಳಗೆ 3 ಇದ್ದರೆ ನಿಮಗೆ ಸಿಗುತ್ತಿರುವ ಕಬ್ಬಿಣ 4 ಮಿ.ಮೀ. ತಂತಿಯದರಲ್ಲಿ ನೂರಕ್ಕೆ 56 ಪಾಲು ಮಾತ್ರ.

ಸತುವಿನ ಲೇಪವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಬರೆಸಿಕೊಳ್ಳಿ. 366 ಗ್ರಾಂ ಒಳ್ಳೆಯ ಸಾಮಾನ್ಯ ದರ್ಜೆ. ಸಮುದ್ರದ ಬದಿ, ರಾಸಾಯನಿಕ ಕಾರ್ಖಾನೆಯ ಬದಿ ಆದರೆ 610.

308 ಅಡಿ ಬೇಲಿಗೆ 50 ಅಡಿಯ 7 ಸುರುಳಿ ಬೇಕು. ಮೂಲೆಯಲ್ಲಿ ಎರಡು ಬದಿ, ಗೇಟು ಕಂಬದಲ್ಲಿ ಒಂದು ಬದಿ ಮೆಶ್ ಕೊನೆಯಾಗುವುದರಿಂದ ಟೆನ್ಷನ್ ಪಟ್ಟಿ (ಮೆಶ್ಶಿನ ಕೊನೆಯ ಕಣ್ಣುಗಳೊಳಗೆ ಪೋಣಿಸಿ ಕಂಬಕ್ಕೆ ಬಿಗಿಯುವ ಪಟ್ಟಿ) 10. ಪಟ್ಟಿಗೆ ಐದರಂತೆ ಕ್ಲ್ಯಾಂಪು, ಬೋಲ್ಟು 50. ಕೆಳಗೆ ಓಡಿಸಲು 4 ಮಿ.ಮೀ. ತಂತಿ 308 ಅಡಿ, ಅಲ್ಲಲ್ಲಿ ತಿರುಗಿಸಿ ಬಿಗಿಯಲು ಟರ್ನ್‌ಬಕಲ್ ಎಂಬ ತಿರುಪಿನ ಕೊಂಡಿ. ಕಟ್ಟುತಂತಿ ತುಂಡು 520ರಷ್ಟು, ಅದೂ ಸತು ಲೇಪದ್ದೇ. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಬಳಸಿದರೆ ಎಲ್ಲಕ್ಕಿಂತ ಮೊದಲು ತುಕ್ಕು ಹಿಡಿಯುವುದು ಅದೇ.

ಕಾಂಕ್ರೀಟ್: ಸಾಲು ಗುಂಡಿಗಳಿಗೆ 29 ಘನ ಅಡಿ, ಮೂಲೆಗೆ 6, ಗೇಟಿಗೆ 7, ಸಪೋರ್ಟ್ ಕಂಬಗಳ ಬುಡಕ್ಕೆ 15. ಒಟ್ಟು 57, ಪೋಲು ಸೇರಿಸಿ 63. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು 20 ಮಿ.ಮೀ. ಜಲ್ಲಿಯಂತೆ 50 ಕೆ.ಜಿ.ಯ 15 ಮೂಟೆ ಸಿಮೆಂಟ್, 28 ಘನ ಅಡಿ ಮರಳು, 55 ಘನ ಅಡಿ ಜಲ್ಲಿ.

## ಹಂತ 4: ಗುಂಡಿ

ಆಳದ ಲೆಕ್ಕ ಹೀಗೆ: ನಾಲ್ಕಡಿ ಬೇಲಿಗೆ 24 ಇಂಚು, ಅದರ ಮೇಲೆ ಪ್ರತಿ ಅಡಿ ಎತ್ತರಕ್ಕೂ 3 ಇಂಚು. ಆರಡಿಗೆ 30, ಎಂಟಡಿಗೆ 36. ಮೂಲೆ ಕಂಬಕ್ಕೆ ಇನ್ನೂ ಆರಿಂಚು ಹೆಚ್ಚು, ಭಾರದ ಗೇಟಿಗೆ ಒಂದಡಿ ಹೆಚ್ಚು. ಅಗಲ ಪೈಪಿನ ನಾಲ್ಕು ಪಟ್ಟು: ಸಾಲಿಗೆ 8 ಇಂಚು, ಮೂಲೆಗೆ 10, ಗೇಟಿಗೆ 14. ಚಳಿಗೆ ನೆಲವೇ ಹೆಪ್ಪುಗಟ್ಟುವ ಸೀಮೆಯಾದರೆ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೋಗಲೇಬೇಕು.

ಆಳಕ್ಕಿಂತಲೂ ಜನ ಎಡವುವುದು ಗುಂಡಿಯ ಆಕಾರದಲ್ಲಿ. ಸನಿಕೆಯಲ್ಲಿ ತೋಡಿದ ಗುಂಡಿ ಬಾಯಿ ಅಗಲ, ತಳ ಚೂಪಾಗಿ ಬಾಣಲೆಯಂತಾಗುತ್ತದೆ. ಅದರಲ್ಲಿ ಹಾಕಿದ ಕಾಂಕ್ರೀಟ್ ಅಣಬೆಯ ಹಾಗೆ ಮೇಲೆ ಹರಡಿಕೊಂಡು ನಿಲ್ಲುತ್ತದೆ. ಎರೆಮಣ್ಣಿನಂಥ ಜಿಗುಟು ಮಣ್ಣು ನೀರು ಕುಡಿದು ಉಬ್ಬಿದಾಗ ಆ ಅಣಬೆಯ ಕೊಡೆಯನ್ನು ಕೆಳಗಿಂದ ಒತ್ತಿ ಕಂಬವನ್ನೇ ಮೇಲೆತ್ತುತ್ತದೆ. ಹೆಪ್ಪುಗಟ್ಟುವ ನೆಲವೂ ಮಾಡುವುದು ಇದನ್ನೇ. ಗೋಡೆ ನೆಟ್ಟಗಿರಲಿ, ತಳ ಬಾಯಿಗಿಂತ ಒಂದೆರಡು ಇಂಚು ಅಗಲವೇ ಇರಲಿ. ತೋಡಿದ ಸಡಿಲ ಮಣ್ಣು ತಳದಲ್ಲಿ ಬಿಡದೆ ಎತ್ತಿ ಹಾಕಿ.

ಬಂಡೆ ಸಿಕ್ಕಿದರೆ ಆಳ ಕಡಿಮೆ ಮಾಡಿ ಸುಮ್ಮನಾಗುವುದು ಬೇಡ. ಬಂಡೆಗೆ ಪೈಪಿಗಿಂತ ತುಸು ಅಗಲದ ತೂತು ಕೊರೆಸಿ, ಪೈಪಿಳಿಸಿ, ಕುಗ್ಗದ ಗ್ರೌಟ್ (ಸಿಮೆಂಟಿನ ತೆಳು ಗಾರೆ) ತುಂಬಿಸಿ.

ರಾತ್ರಿ ಗುಂಡಿ ತೆರೆದೇ ಬಿಡುವುದಾದರೆ ಮೇಲೆ ಹಲಗೆ ಮುಚ್ಚಿ. ಎಂಟಿಂಚಿನ ಗುಂಡಿ ಚಿಕ್ಕ ಮಗುವಿನ ಕಾಲಿಗೂ ದನದ ಕಾಲಿಗೂ ಸರಿಯಾಗಿ ಹಿಡಿಯುವ ಅಳತೆ.

## ಹಂತ 5: ಮೊದಲು ಮೂಲೆ ಮತ್ತು ಗೇಟಿನ ಕಂಬ

ಸಾಲಿನಲ್ಲಿ ಒಂದು ಕಡೆಯಿಂದ ಕಂಬ ನಿಲ್ಲಿಸುತ್ತ ಬರುವುದು ವಾಡಿಕೆ. ಆ ವಾಡಿಕೆ ಬಿಡಿ. ಆರೂ ತುದಿ ಕಂಬಗಳನ್ನು ಮೊದಲು ನಿಲ್ಲಿಸಿದರೆ ಉಳಿದವಕ್ಕೆ ದಾರದ ಆಧಾರ ಸಿಗುತ್ತದೆ.

ಗುಂಡಿಯ ತಳಕ್ಕೆ ಮೂರಿಂಚು ಕಾಂಕ್ರೀಟ್ ಹಾಕಿ, ಅದರ ಮೇಲೆ ಪೈಪು ನಿಲ್ಲಿಸಿ. ಮೂಲೆ ಕಂಬದ ತುದಿ ಮೆಶ್ಶಿನ ಮೇಲಂಚಿಗಿಂತ ಎರಡಿಂಚು ಎತ್ತರ ಇರಬೇಕು. ಸಾಲು ಕಂಬದ್ದು ಅಡ್ಡ ಪೈಪು ಕೂರುವ ಟೋಪಿಗಾಗಿ ಎರಡಿಂಚು ತಗ್ಗು. ಕಾಂಕ್ರೀಟ್ ತುಸು ಗಟ್ಟಿಯಾಗಿಯೇ ಕಲಸಿ. ಗುಂಡಿಗೆ ಸಲೀಸಾಗಿ ಹರಿಯಲಿ ಎಂದು ನೀರು ಸುರಿದರೆ ಬಲ ಹೋಗುತ್ತದೆ. ಒಂದಡಿಗೊಮ್ಮೆ ಸಲಾಕೆಯಿಂದ ಚುಚ್ಚಿ ಗಾಳಿ ಬಿಡಿಸಿ. ಒಣ ಮಿಶ್ರಣ ಸುರಿದು ಮೇಲೆ ಕೊಡ ನೀರು ಹುಯ್ಯುವ ಪದ್ಧತಿಯಿದೆ; ತಳಕ್ಕೆ ನೀರು ಸರಿಯಾಗಿ ಇಳಿಯಿತೋ ಇಲ್ಲವೋ ನೋಡುವ ದಾರಿಯಿಲ್ಲದ್ದರಿಂದ ತುದಿ ಕಂಬಕ್ಕಂತೂ ಅದು ಬೇಡ.

ರಸಮಟ್ಟವನ್ನು ಒಂದೇ ಮಗ್ಗುಲಿಗೆ ಹಿಡಿದು ನೆಟ್ಟಗಿದೆ ಎಂದು ಬಿಡಬೇಡಿ. ಬೇಲಿಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನೋಡಿ. ಎರಡು ಪಟ್ಟಿ ಕಟ್ಟಿ ಕಂಬ ಅಲುಗದಂತೆ ನಿಲ್ಲಿಸಿ ಆಚೆ ಹೋಗಿ. ಕಾಂಕ್ರೀಟ್ ಅರ್ಧ ಗಟ್ಟಿಯಾದ ಮೇಲೆ ಕಂಬ ಅಲುಗಿಸಿ ಸರಿಮಾಡಿದರೆ ಪೈಪಿನ ಸುತ್ತ ಸಂದು ಬಿಟ್ಟು, ಮುಂದೆ ನೀರು ನಿಲ್ಲುವುದು ಅಲ್ಲೇ.

ಕಾಂಕ್ರೀಟಿನ ತಲೆಯನ್ನು ನೆಲಕ್ಕಿಂತ ಒಂದಿಂಚು ಎತ್ತರಿಸಿ, ಪೈಪಿನಿಂದ ಹೊರಕ್ಕೆ ಇಳಿಜಾರಾಗಿ ನಯ ಮಾಡಿ. ತಲೆ ತಗ್ಗಾಗಿದ್ದರೆ ಮಳೆ ನೀರು ಬುಡದಲ್ಲೇ ಬಟ್ಟಲು ಕಟ್ಟುತ್ತದೆ, ಪೈಪು ನೆಲಮಟ್ಟದಲ್ಲೇ ಕೊರೆದುಹೋಗುತ್ತದೆ.

ಇದೇ ದಿನ ಸಪೋರ್ಟ್ ಕಂಬವನ್ನೂ ನಿಲ್ಲಿಸಿ. ಕಂಬದ ನಾಲ್ಕಡಿ ಎತ್ತರಕ್ಕೆ ಆನಿಸಿ, 45 ಡಿಗ್ರಿ ಓರೆಯಾಗಿ, ಬುಡ ಒಂದಡಿ ಚೌಕ, ಒಂದೂವರೆ ಅಡಿ ಆಳದ ಕಾಂಕ್ರೀಟಿನಲ್ಲಿರಲಿ. ದಿಕ್ಕು ಮುಖ್ಯ: ಮೆಶ್ ಯಾವ ಕಡೆಗೆ ಕಂಬವನ್ನು ಎಳೆಯುತ್ತದೋ ಆ ಕಡೆಯೇ, ಬೇಲಿಯ ಸಾಲಿನಲ್ಲೇ. ಮೂಲೆಗೆ ಎರಡು ಬೇಕು. ಎರಡು ಬದಿಯ ನಡುವೆ ಒಂದೇ ಓರೆ ಕಂಬ ಕೊಟ್ಟು ಮುಗಿಸುವವರು ಒಂದನ್ನು ಮರೆಯುತ್ತಾರೆ. ಎರಡೂ ಕಡೆಯ ಮೆಶ್ ಒಟ್ಟಿಗೆ ಎಳೆಯುವುದಿಲ್ಲ. ಮೊದಲ ಬದಿ ಎಳೆದ ದಿನ ಕಂಬ ಅತ್ತ ತಿರುಗಿಬಿಡುತ್ತದೆ.

## ಹಂತ 6: ಸಾಲು ಕಂಬ

ಮೂಲೆಯಿಂದ ಮೂಲೆಗೆ ಎರಡು ದಾರ ಕಟ್ಟಿ. ನೆಲದ ಹತ್ತಿರದ್ದು ಹೊರಮೈ ತೋರಿಸಲು, ಮೇಲಿನದು ಎತ್ತರ ತೋರಿಸಲು. ಸಾಲು ಕಂಬ ಮೂಲೆ ಕಂಬಕ್ಕಿಂತ ಸಣ್ಣದಾದ್ದರಿಂದ ನಡುಗೆರೆಗೆ ನಿಲ್ಲಿಸಿದರೆ ಮೆಶ್ ಮೂಲೆಯಲ್ಲಿ ಮುಂದೆ ಬರುತ್ತದೆ. ಹೊರಮೈ ಒಂದೇ ಸಾಲಿಗೆ ಬರಲಿ.

ಕಂಬ ದಾರಕ್ಕೆ ತಾಗಬಾರದು, ಒಂದು ಬೆಂಕಿಕಡ್ಡಿಯಷ್ಟು ಸಂದು ಬಿಡಿ. ಒಂದು ಕಂಬ ದಾರವನ್ನು ಕೂದಲೆಳೆಯಷ್ಟು ತಳ್ಳಿದರೂ ಮುಂದಿನದು ಆ ತಪ್ಪಿನ ಮೇಲೆ ತನ್ನದನ್ನೂ ಸೇರಿಸುತ್ತದೆ, ಹನ್ನೆರಡನೆಯ ಕಂಬಕ್ಕೆ ಬರುವಷ್ಟರಲ್ಲಿ ಬೇಲಿ ಬಿಲ್ಲಿನಂತೆ ಬಾಗಿರುತ್ತದೆ.

## ಹಂತ 7: ಕಾಯುವುದು

ಏಳು ದಿನ. ಕಾಂಕ್ರೀಟ್ 28 ದಿನಕ್ಕೆ ಪಡೆಯುವ ಬಲದಲ್ಲಿ ಸುಮಾರು ಮೂರನೇ ಎರಡು ಪಾಲು ಮೊದಲ ವಾರದಲ್ಲಿ ಬರುತ್ತದೆ, ಅದೂ ಹಸಿಯಾಗಿ ಇಟ್ಟರೆ. ಒದ್ದೆ ಗೋಣಿ ಸುತ್ತಿ ದಿನಕ್ಕೆರಡು ಸಲ ನೀರು ಹಾಕಿ. ಗುತ್ತಿಗೆದಾರರು ಅವಸರ ಮಾಡುವುದು ಇಲ್ಲೇ, ಯಾಕೆಂದರೆ ಆಳುಗಳನ್ನು ಎರಡು ಸಲ ಕರೆತರಬೇಕಾಗುತ್ತದೆ. ಈ ಏಳು ದಿನವನ್ನು ಒಪ್ಪಂದದಲ್ಲೇ ಬರೆಸಿ.

## ಹಂತ 8: ಅಡ್ಡ ಪೈಪು ಮತ್ತು ಕೆಳ ತಂತಿ

ಸಾಲು ಕಂಬದ ಟೋಪಿಯ ಬಳೆಯೊಳಗಿಂದ ಅಡ್ಡ ಪೈಪು ತೂರಿಸಿ, ಜೋಡಣೆಗೆ ತೋಳು (ಎರಡು ಪೈಪಿನ ತುದಿಗಳನ್ನು ಸೇರಿಸುವ ಕೊಳವೆ ತುಂಡು) ಹಾಕಿ. ಬಿಸಿಲಿಗೆ ಪೈಪು ಹಿಗ್ಗಲು ತೋಳಿನೊಳಗೆ ತುಸು ಜಾಗ ಇರಬೇಕಾದ್ದರಿಂದ ಜೋಡಣೆಗೆ ವೆಲ್ಡಿಂಗ್ ಬೇಡ.

ಸಪೋರ್ಟ್ ಕಂಬಕ್ಕೂ ಬೋಲ್ಟಿನ ಕ್ಲ್ಯಾಂಪೇ ಒಳ್ಳೆಯದು. ವೆಲ್ಡಿಂಗ್ ಮಾಡಲೇಬೇಕಾದ ಕಡೆ ಸತು ಸುಟ್ಟುಹೋಗುತ್ತದೆ: ಅದು ಕರಗುವುದು 420 ಡಿಗ್ರಿ ಸೆಲ್ಸಿಯಸ್‌ಗೆ, ಕುದಿದು ಆವಿಯಾಗುವುದು 907ಕ್ಕೆ, ವೆಲ್ಡಿಂಗ್ ಕಿಡಿಯ ಬಿಸಿ ಅದರ ಎಷ್ಟೋ ಪಟ್ಟು. ಆ ಬಿಳಿ ಹೊಗೆ ಎಳೆದುಕೊಂಡರೆ ರಾತ್ರಿಗೆ ಚಳಿಜ್ವರ ಬರುತ್ತದೆ. ಮೊದಲು ಆ ಜಾಗದ ಸತುವನ್ನು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ನಿಂತು ವೆಲ್ಡಿಂಗ್ ಮಾಡಿ. ತಣ್ಣಗಾದ ಮೇಲೆ ತಂತಿ ಬ್ರಷ್ಷಿನಲ್ಲಿ ಉಜ್ಜಿ ಸತು ತುಂಬಿದ ಬಣ್ಣ ಎರಡು ಸಲ ಬಳಿಯಿರಿ. ಬರಿಯ ಬೆಳ್ಳಿ ಬಣ್ಣ ನೋಡಲಿಕ್ಕಷ್ಟೇ.

ಕೆಳ ತಂತಿಯನ್ನು ಮೆಶ್‌ಗಿಂತ ಮೊದಲೇ ಓಡಿಸಿ ಬಿಗಿಯಿರಿ. ಇದನ್ನು ಬಿಟ್ಟರೆ ನಾಯಿ ಮೂತಿಯಿಂದ ಎತ್ತಿ ನುಗ್ಗುವುದು ಅಲ್ಲಿಂದಲೇ.

## ಹಂತ 9: ಮೆಶ್ ಎಳೆಯುವುದು

ಸುರುಳಿಯನ್ನು ಬೇಲಿಯ ಹೊರಬದಿಯಲ್ಲಿ ಬಿಚ್ಚಿ. ಮೆಶ್ ಹೊರಗಿದ್ದರೆ ಹೊರಗಿಂದ ಯಾರಾದರೂ ತಳ್ಳಿದಾಗ ಅದು ಕಂಬಕ್ಕೆ ಒರಗುತ್ತದೆ. ಒಳಗಿದ್ದರೆ ಆ ತಳ್ಳು ಕಟ್ಟುತಂತಿಯ ಮೇಲೆ ಬೀಳುತ್ತದೆ. ಅಂಚು ಮಡಿಸಿದ್ದೋ ಮುಳ್ಳು ತಿರುಚಿದ್ದೋ ನೋಡಿಕೊಳ್ಳಿ. ಮಕ್ಕಳಿರುವ ಮನೆಗೆ ಎರಡೂ ಅಂಚು ಮಡಿಸಿದ್ದು. ಗೋದಾಮಿಗೆ ಮುಳ್ಳಂಚು ಮೇಲೆ.

ಮೊದಲ ಕೊನೆ: ಮೆಶ್ಶಿನ ಕೊನೆಯ ಕಣ್ಣುಗಳೊಳಗೆ ಟೆನ್ಷನ್ ಪಟ್ಟಿ ಪೋಣಿಸಿ, ಐದು ಕ್ಲ್ಯಾಂಪಿನಿಂದ ಮೂಲೆ ಕಂಬಕ್ಕೆ ಬಿಗಿಯಿರಿ. ಬೋಲ್ಟಿನ ತಲೆ ಹೊರಗೆ, ನಟ್ಟು ಒಳಗೆ. ಮೆಶ್ಶನ್ನು ಎತ್ತಿ ಅಡ್ಡ ಪೈಪಿಗೆ ಎಂಟು-ಹತ್ತು ಅಡಿಗೊಂದು ಸಡಿಲ ಕಟ್ಟು ಹಾಕುತ್ತ ಹೋಗಿ. ಕೆಳಗೆ ಎರಡಿಂಚು ಸಂದು ಇರಲಿ.

ಸುರುಳಿ ಮುಗಿದಲ್ಲಿ ಜೋಡಿಸುವುದು: ಹೊಸ ಸುರುಳಿಯ ತುದಿಯಿಂದ ಒಂದು ಎಳೆ ತೆಗೆಯಿರಿ. ಮೇಲೂ ಕೆಳಗೂ ಅದರ ಮಡಿಕೆ ಬಿಚ್ಚಿ, ಎಳೆಯನ್ನು ತಿರುಪಿನ ಹಾಗೆ ತಿರುಗಿಸುತ್ತ ಮೇಲಕ್ಕೆ ಎತ್ತಿದರೆ ಸರಾಗವಾಗಿ ಹೊರಬರುತ್ತದೆ. ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ ಅದೇ ಎಳೆಯನ್ನು ಮೇಲಿನಿಂದ ಎರಡರ ಕಣ್ಣಿಗೂ ಸಿಕ್ಕಿಸುತ್ತ ತಿರುಗಿಸಿ ಇಳಿಸಿ, ಮಡಿಕೆ ಹಾಕಿ. ಸರಿಯಾಗಿ ಮಾಡಿದರೆ ಜೋಡಣೆ ಎಲ್ಲಿದೆ ಎಂದು ಹುಡುಕಿದರೂ ಸಿಗದು. ಕಣ್ಣು ಒಂದಕ್ಕೊಂದು ಕೂಡದೆ ಮೇಲೆ-ಕೆಳಗೆ ಆದರೆ ಇನ್ನೊಂದು ಎಳೆ ತೆಗೆದು ನೋಡಿ. ಕೊನೆಯಲ್ಲಿ ಹೆಚ್ಚಾದ ಮೆಶ್ ಕಡಿಯುವುದೂ ಹೀಗೆಯೇ, ಎಳೆ ತೆಗೆದು. ಗ್ರೈಂಡರ್ ಹಿಡಿದು ಕೊಯ್ದರೆ ಅಂಚಿನ ಕಣ್ಣೆಲ್ಲ ತೆರೆದುಕೊಳ್ಳುತ್ತದೆ.

ಎಳೆತ: ಒಂದು ಸಲಕ್ಕೆ 100 ಅಡಿ ಮೀರದಿರಲಿ. ಮೂಲೆಯನ್ನು ಬಳಸಿ ಮೆಶ್ ಸುತ್ತಿ ಮುಂದೆ ಹೋಗಬೇಡಿ. ಪ್ರತಿ ಮೂಲೆಯಲ್ಲೂ ಮುಗಿಸಿ, ಹೊಸದಾಗಿ ಶುರುಮಾಡಿ. ಕೊನೆಯ ಕಂಬಕ್ಕೆ ಮೂರು-ನಾಲ್ಕು ಅಡಿ ಹಿಂದೆ ಮೆಶ್ಶಿನೊಳಗೆ ಸಲಾಕೆ ತೂರಿಸಿ, ಅದರ ಮೇಲೊಂದು ಕೆಳಗೊಂದು ಸರಪಳಿ ಕಟ್ಟಿ, ಎರಡನ್ನೂ ಪುಲ್ಲರಿನ ಕೊಕ್ಕೆಗೆ ಸೇರಿಸಿ. ಪುಲ್ಲರಿನ ಇನ್ನೊಂದು ಕೊಕ್ಕೆ ತುದಿ ಕಂಬದ ನಡುಮಟ್ಟಕ್ಕೆ. ಆ ಕಂಬಕ್ಕೆ ತೂಗುಗುಂಡು ಇಳಿಬಿಟ್ಟು ಎಳೆಯಲು ಶುರುಮಾಡಿ.

ಇಲ್ಲಿ ಕಣ್ಣು ಎರಡು ಕಡೆ ಇರಬೇಕು. ಒಂದು ಮೆಶ್ಶಿನ ಮೇಲೆ: ಸಡಿಲ ಹೋಗಿ, ಸುಕ್ಕು ಹೋಗಿ, ಕಣ್ಣುಗಳು ಮೇಲಿಂದ ಕೆಳಗೆ ಒಂದೇ ಆಕಾರಕ್ಕೆ ಬರುತ್ತವೆ. ನಡುವಿನ ಒಂದು ಕಣ್ಣನ್ನು ಹೆಬ್ಬೆರಳು ತೋರುಬೆರಳಿನಿಂದ ಹಿಚುಕಿ. ಕಾಲಿಂಚು ಕುಗ್ಗಿದರೆ ಬಿಗಿ ಸರಿ. ಅರ್ಧ ಇಂಚಿಗಿಂತ ಹೆಚ್ಚು ಕುಗ್ಗಿದರೆ ಇನ್ನೂ ಎಳೆಯಬೇಕು. ಸ್ವಲ್ಪವೂ ಕುಗ್ಗದಿದ್ದರೆ ಹೆಚ್ಚಾಯಿತು, ಪುಲ್ಲರಿನ ಒಂದೆರಡು ಹಲ್ಲು ಬಿಡಿ. ಇನ್ನೊಂದು ತೂಗುಗುಂಡಿನ ಮೇಲೆ: ಕಂಬದ ತಲೆ ಕಾಲಿಂಚಿಗಿಂತ ಹೆಚ್ಚು ಸರಿದರೆ ಅಲ್ಲಿಗೇ ನಿಲ್ಲಿಸಿ. ಬುಡದ ಕಾಂಕ್ರೀಟ್ ಹಸಿಯಿದೆ ಅಥವಾ ಸಪೋರ್ಟ್ ಸಡಿಲವಿದೆ. ಅದನ್ನು ಸರಿಪಡಿಸದೆ ಎಳೆದ ಬಿಗಿ ನಾಳೆಗೆ ಉಳಿಯುವುದಿಲ್ಲ. ಎಳೆತ ಇರುವಾಗ ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು.

ಬಿಗಿ ಹಿಡಿದಿರುವಂತೆಯೇ ಕೊನೆಯ ಕಂಬದ ಬಳಿ ಹೆಚ್ಚಿನ ಎಳೆ ತೆಗೆದು, ಟೆನ್ಷನ್ ಪಟ್ಟಿ ಪೋಣಿಸಿ, ಐದೂ ಕ್ಲ್ಯಾಂಪ್ ಹಾಕಿದ ಮೇಲೆ ಪುಲ್ಲರನ್ನು ನಿಧಾನ ಬಿಡಿ. ಆಮೇಲೆ ಕಾಯಂ ಕಟ್ಟು: ಸಾಲು ಕಂಬಕ್ಕೆ ಒಂದಡಿಗೊಂದು, ಅಡ್ಡ ಪೈಪಿಗೂ ಕೆಳ ತಂತಿಗೂ ಎರಡಡಿಗೊಂದು. ಕಟ್ಟಿನ ತುದಿ ಒಳಕ್ಕೆ ಮಡಚಿ.

## ಹಂತ 10: ಗೇಟು

ಗೇಟನ್ನು ಕಂಬ ನಿಂತು ಗಟ್ಟಿಯಾದ ಮೇಲೆ ಅಳತೆ ಕೊಟ್ಟು ಮಾಡಿಸಿ. ಮೊದಲೇ ಮಾಡಿಸಿ ಅದಕ್ಕೆ ತಕ್ಕಂತೆ ಕಂಬ ನಿಲ್ಲಿಸುವುದು ಉಲ್ಟಾ ಕೆಲಸ. ಕಂಬಗಳ ಒಳಮೈಗಳ ನಡುವೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಿರಿ. 144 ಇಂಚಿನಲ್ಲಿ ಎರಡು ಕೀಲಿನ ಬದಿಗೆ ಎರಡೆರಡು ಇಂಚು, ನಡುವೆ ಎರಡಿಂಚು ಕಳೆದರೆ ಒಂದೊಂದು ಬಾಗಿಲು 69 ಇಂಚು.

ಬಾಗಿಲ ಚೌಕಟ್ಟಿಗೆ ಓರೆ ಪೈಪು ಕೊಡುವುದಾದರೆ ಕೆಳಗಿನ ಕೀಲಿನ ಮೂಲೆಯಿಂದ ಚಿಲಕದ ಬದಿಯ ಮೇಲಿನ ಮೂಲೆಗೆ. ಪೈಪಿನ ಬದಲು ಬಿಗಿಯುವ ಸರಳು ಹಾಕಿದರೆ ಇದಕ್ಕೆ ತದ್ವಿರುದ್ಧ: ಮೇಲಿನ ಕೀಲಿನಿಂದ ಕೆಳಗಿನ ಚಿಲಕದ ಮೂಲೆಗೆ. ಇವೆರಡನ್ನು ಅದಲುಬದಲು ಮಾಡಿದ ಗೇಟು ಎಷ್ಟು ದಪ್ಪ ಪೈಪಿನದಾದರೂ ಜೋಲುತ್ತದೆ. ಕೀಲುಗಳಲ್ಲಿ ಕೆಳಗಿನದರ ಮೊಳೆ ಮೇಲ್ಮುಖ, ಮೇಲಿನದರ ಮೊಳೆ ಕೆಳಮುಖ ಇದ್ದರೆ ಯಾರೂ ಗೇಟನ್ನು ಎತ್ತಿ ಕಳಚಲಾಗದು. ನಡುವಿನ ಚಿಲಕದ ಸರಳು ಇಳಿಯುವ ತೂತಿನ ತಳಕ್ಕೆ ಜಲ್ಲಿ ತುಂಬಿ, ನೀರು ಇಂಗಿಹೋಗಲಿ.

ತೆರೆಯುವ ದಿಕ್ಕಿನಲ್ಲಿ ನೆಲ ಏರಿದೆಯೇ ಎಂದು ಈಗಲೇ ನೋಡಿ. ಏರಿದ್ದರೆ ಪಕ್ಕಕ್ಕೆ ಸರಿಯುವ ಗೇಟೇ ಗತಿ. ನೆಲಕ್ಕೆ ಹಳಿಯಿಲ್ಲದೆ ತೇಲಿ ಸರಿಯುವ ಗೇಟಿಗೆ ಬಾಗಿಲಿನ ಅರ್ಧದಷ್ಟು ಬಾಲ ಬೇಕು: 12 ಅಡಿ ದಾರಿಗೆ ಒಟ್ಟು 18 ಅಡಿ ಗೇಟು, ಪಕ್ಕದಲ್ಲಿ ಅಷ್ಟೂ ಜಾಗ.

## ಇಳಿಜಾರು, ಗೋದಾಮು

ಸಣ್ಣ ಇಳಿಜಾರಿಗೆ ಚೈನ್‌ಲಿಂಕ್ ತಾನೇ ಬಗ್ಗುತ್ತದೆ. ಕಂಬ ಮಾತ್ರ ಇಳಿಜಾರಿಗೆ ಲಂಬವಾಗಿ ಅಲ್ಲ, ತೂಗುಗುಂಡಿಗೆ ನೆಟ್ಟಗೆ. ಅಂತರವೂ ಮಟ್ಟವಾಗಿ ಹಿಡಿದ ಟೇಪಿನಲ್ಲೇ. ಕೊನೆಯಲ್ಲಿ ತ್ರಿಕೋನದ ಸಂದು ಉಳಿದರೆ ಟೆನ್ಷನ್ ಪಟ್ಟಿಯನ್ನು ಒಂದೇ ಸಾಲಿನ ಕಣ್ಣಿಗೆ ಪೋಣಿಸದೆ, ಕಂಬಕ್ಕೆ ಸಮನಾಗುವಂತೆ ಸಾಲು ಬದಲಿಸುತ್ತ ಓರೆಯಾಗಿ ಪೋಣಿಸಿ. ನೆಲ ತಟ್ಟನೆ ಇಳಿಯುವಲ್ಲಿ ಇನ್ನೊಂದು ತುದಿ ಕಂಬ ಹಾಕಿ ಅಲ್ಲೇ ಮುಗಿಸಿ.

ವ್ಯಾಪಾರದ ಜಾಗಕ್ಕೆ ಎಂಟಡಿ ಮೆಶ್, ಮೇಲೆ 45 ಡಿಗ್ರಿ ಕೈಗಳಲ್ಲಿ ಮೂರು ಸಾಲು ಮುಳ್ಳುತಂತಿ ಬರುವುದುಂಟು. ಲಾರಿ ಹಿಂದೆ ಸರಿಯುವ ಕಡೆ ಬೇಲಿಗೆ ಮೂರಡಿ ಮುಂದೆ ಕಾಂಕ್ರೀಟ್ ತುಂಬಿದ ಗಿಡ್ಡ ಪೈಪು ಕಂಬಗಳು ಬೇಕು.

ಆಮೇಲೆ ಮರೆಗೆಂದು ಹಸಿರು ನೆಟ್ ಕಟ್ಟುವ ಯೋಚನೆ ಇದ್ದರೆ ಮೊದಲೇ ಹೇಳಿ. 50 ಮಿ.ಮೀ. ಕಣ್ಣಿನ ಬರಿ ಮೆಶ್ ಗಾಳಿಗೆ ಒಡ್ಡುವುದು ತನ್ನ ಅಳತೆಯ ನೂರಕ್ಕೆ 12ರಷ್ಟು ಮಾತ್ರ. ನೂರಕ್ಕೆ 90 ಮುಚ್ಚುವ ನೆಟ್ ಕಟ್ಟಿದ ಮೇಲೆ ಅದೇ ಕಂಬಗಳ ಮೇಲೆ ಗಾಳಿ ತಾಗುವ ಮೈ ಏಳು ಪಟ್ಟಿಗಿಂತ ಹೆಚ್ಚು. ಸಾಲು ಕಂಬವೂ 50 ಎನ್‌ಬಿ ಆಗಬೇಕು, ಅಂತರ ಆರಡಿಗೆ ಇಳಿಯಬೇಕು, ಗುಂಡಿ ಆರಿಂಚಾದರೂ ಆಳವಾಗಬೇಕು.

## ಹಣ ಕೊಡುವ ಮುಂಚೆ, ಆಮೇಲೆ ಮಳೆ ಬಂದಾಗ

ಗುಂಡಿ ಮುಚ್ಚುವ ಮುಂಚೆ ನೀವೇ ಕೋಲು ಇಳಿಸಿ ಆಳ ನೋಡಿ. ಮುಚ್ಚಿದ ಮೇಲೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಅಲ್ಲದಿದ್ದರೆ ಆರು ತುದಿ ಗುಂಡಿಗಳನ್ನಾದರೂ. ಕೆಲಸ ಮುಗಿದ ದಿನ ಮೂಲೆಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಸಾಲು ನೋಡಿ, ಪ್ರತಿ ಅಂಕಣದಲ್ಲೂ ಮೆಶ್ಶಿನ ಒಂದು ಕಣ್ಣು ಹಿಚುಕುತ್ತ ನಡೆಯಿರಿ. ಒಂದು ಅಂಕಣ ಮಾತ್ರ ಸಡಿಲ ಇದ್ದರೆ ಕಟ್ಟುಗಳನ್ನು ಎಳೆತಕ್ಕೆ ಮೊದಲೇ ಬಿಗಿದಿದ್ದಾರೆ.

ಮೊದಲ ಎರಡು ಜೋರು ಮಳೆಯ ನಂತರ ಒಂದು ಸುತ್ತು ಹಾಕಿ. ಕಾಂಕ್ರೀಟಿನ ಸುತ್ತ ಮಣ್ಣು ಬಿರುಕು ಬಿಟ್ಟು ಒಂದು ಬದಿ ಸಂದಾಗಿದ್ದರೆ ಕಂಬ ವಾಲಲು ಶುರುವಾಗಿದೆ. ಮಣ್ಣು ತುಂಬಿ ದಮ್ಮಸು ಮಾಡಿ, ತೂಗುಗುಂಡು ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಒಂದು ತಿಂಗಳ ಮೇಲೆ ಅಳತೆ ಹೆಚ್ಚಿದ್ದರೆ ಮೆಶ್ ಬಿಗಿಯುವುದರಿಂದ ಪ್ರಯೋಜನವಿಲ್ಲ, ಸಪೋರ್ಟ್ ಕಂಬದ ಬುಡವನ್ನೇ ಬಿಚ್ಚಿ ದೊಡ್ಡದಾಗಿ ಹಾಕಬೇಕು. ಪೈಪಿನ ಬುಡದಲ್ಲಿ ಕಂದು ಕಲೆ ಕಂಡರೆ ಅಲ್ಲಿ ನೀರು ನಿಂತಿದೆ, ಕಾಂಕ್ರೀಟಿನ ತಲೆಗೆ ಇಳಿಜಾರು ಕೊಡಿ. ಗೇಟಿನ ನಡುವಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತಿದ್ದರೆ ಕೀಲು ಬಿಗಿಯುವ ಮೊದಲು ಗೇಟು ಕಂಬಕ್ಕೆ ತೂಗುಗುಂಡು ಇಳಿಬಿಟ್ಟು ನೋಡಿ: ಹೆಚ್ಚಿನ ಸಲ ವಾಲಿರುವುದು ಬಾಗಿಲಲ್ಲ, ಕಂಬ.